ದವಡೆಯ ಕೀಲು ಮತ್ತು ದೇಹದ ನಿಲುವು

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಒಳಗೆ ಚಲಿಸುವುದೇ ದವಡೆಯ ಕೀಲು. ತಲೆಬುರುಡೆಗೂ ಕೆಳದವಡೆಗೂ ನಡುವೆ ಮೆದುವಾದ ಬಿಲ್ಲೆಯೊಂದಿದೆ. ಈ ಕೀಲು ತಿರುಗುವುದಷ್ಟೇ ಅಲ್ಲ, ಮುಂದಕ್ಕೂ ಜಾರುತ್ತದೆ. ಇದಾಗಲಿ ಇದರ ಸ್ನಾಯುಗಳಾಗಲಿ ಬೇನೆಗೊಳಗಾದರೆ ಅಗಿಯುವಾಗ ನೋವು, ಬಾಯಿ ತೆರೆಯಲು ತೊಡಕು, ತಲೆಶೂಲೆ ಉಂಟಾಗುತ್ತವೆ.

1934ರಲ್ಲಿ ಅಮೆರಿಕದ ವೈದ್ಯ ಜೇಮ್ಸ್ ಕಾಸ್ಟೆನ್ ಅವರು ಹಿಂಬದಿಯ ಹಲ್ಲುಗಳ ನಷ್ಟದಿಂದ ಇಂತಹ ತೊಂದರೆಗಳು ಹುಟ್ಟುವವೆಂದು ವಿವರಿಸಿದರು. ಪೆಟ್ಟು, ಹಲ್ಲು ಕಡಿಯುವ ಅಭ್ಯಾಸ, ಮನಸ್ಸಿನ ಒತ್ತಡ, ನಿದ್ರಾಭಂಗ ಮುಂತಾದ ಹಲವು ಕಾರಣಗಳು ಕೂಡಿರುತ್ತವೆಂಬುದು ಇಂದಿನ ತಿಳಿವಳಿಕೆ.

ಚಿಕಿತ್ಸೆಗಾಗಿ ದಂತವೈದ್ಯರು ಹಲ್ಲಿನ ಅಚ್ಚು ತೆಗೆದು, ಗಟ್ಟಿ ಅಕ್ರಿಲಿಕ್‌ನ ತೆಗೆದಿಡಬಹುದಾದ ಕವಚವನ್ನು ಮಾಡಿಕೊಡುವುದುಂಟು. ಇದೇ ಸ್ಪ್ಲಿಂಟ್. ಸಾಮಾನ್ಯವಾಗಿ ರಾತ್ರಿ ಧರಿಸುವ ಇದು ಹಲ್ಲುಗಳ ಸವೆತವನ್ನು ತಡೆಯುತ್ತದೆ. ಕೆಲವರಿಗೆ ನೋವನ್ನೂ ತಗ್ಗಿಸುತ್ತದೆ.

ದವಡೆಯ ಮತ್ತು ಕುತ್ತಿಗೆಯ ನೋವಿನ ನರಗಳು ಬೆನ್ನುಹುರಿಯ ಮೇಲ್ಭಾಗದಲ್ಲಿ ಸಂಧಿಸುತ್ತವೆ. ಆದುದರಿಂದ ಒಂದರ ನೋವು ಇನ್ನೊಂದರಲ್ಲಿ ಕಾಣಿಸಿಕೊಳ್ಳಬಹುದು. ಆದರೆ ಸ್ಪ್ಲಿಂಟ್ ಧರಿಸಿದೊಡನೆ ಬೆನ್ನು, ಸೊಂಟ, ಪಾದಗಳ ನಿಲುವೆಲ್ಲ ನೆಟ್ಟಗಾಗುವುದೆಂಬ ಮಾತಿಗೆ ದೃಢವಾದ ಆಧಾರವಿಲ್ಲ. ನಿಲುವನ್ನು ತಿದ್ದುವ ಸಲುವಾಗಿ ಆರೋಗ್ಯವಂತ ಹಲ್ಲುಗಳನ್ನು ಉಜ್ಜಿಸಿಕೊಂಡರೆ ಹೋದದ್ದು ಮರಳಿ ಬಾರದು.

ದಿನವಿಡೀ ಪಾಠ ಹೇಳಿ, ತಲೆಬಾಗಿ ಉತ್ತರಪತ್ರಿಕೆ ತಿದ್ದುವ ಶಿಕ್ಷಕರು ಇದನ್ನು ನೆನಪಿಡಬೇಕು. ಮೆತ್ತನೆಯ ಆಹಾರ, ಬಿಸಿಶಾಖ, ಹೇಳಿಕೊಟ್ಟ ವ್ಯಾಯಾಮ, ತುಟಿ ಸೇರಿದ್ದರೂ ಹಲ್ಲು ತಾಗದಂತಿರುವ ರೂಢಿ: ಇವೇ ಮೊದಲ ಮದ್ದು. ಹಿಂತೆಗೆಯಬಲ್ಲ ಚಿಕಿತ್ಸೆ ಮೊದಲಿರಲಿ. ಹಿಂತೆಗೆಯಲಾಗದುದಕ್ಕೆ ಅವಸರ ಬೇಡ.