ಸಕ್ಕರೆಗೆ ಬದಲು ಸ್ಟೀವಿಯ ಎಲೆ

ಒಂದು ಎಲೆ ಅಗಿದರೆ ಬಾಯೆಲ್ಲ ಸಿಹಿಯಾಗುವ ಸ್ಟೀವಿಯ ಗಿಡವನ್ನು ನಮ್ಮಲ್ಲಿ ಸಿಹಿ ತುಳಸಿ ಎಂದು ಕರೆಯುವುದು ರೂಢಿ. ಆದರೆ ಇದಕ್ಕೂ ತುಳಸಿಗೂ ನಂಟಿಲ್ಲ. ಇದು ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬಕ್ಕೆ ಸೇರಿದ್ದು. ಇದರ ತವರು ದಕ್ಷಿಣ ಅಮೆರಿಕದ ಪರಗ್ವೆ. 1931ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿಗಳು ಎಲೆಯ ಸಿಹಿ ಅಂಶವನ್ನು ಬೇರ್ಪಡಿಸಿದರು. ಶುದ್ಧೀಕರಿಸಿದ ಈ ಅಂಶ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. ಒಣ ಎಲೆ ಸುಮಾರು 10ರಿಂದ 15 ಪಟ್ಟು.

ಮನೆಬಳಕೆಗೆ ಹಿತ್ತಲಿನಲ್ಲಿ ನಾಲ್ಕಾರು ಗಿಡಗಳು ಸಾಕು. ಬೀಜ ಸರಿಯಾಗಿ ಮೊಳೆಯದ ಕಾರಣ 15 ಸೆಂ.ಮೀ. ಉದ್ದದ ಕಾಂಡದ ತುಂಡುಗಳನ್ನು ನೆರಳಿನಲ್ಲಿ ಬೇರು ಬರಿಸಿ ನೆಡಬೇಕು. ನೀರು ಬಸಿದು ಹೋಗುವ ಕೆಂಪು ಗೋಡು ಮಣ್ಣು ಉತ್ತಮ. ಬುಡದಲ್ಲಿ ನೀರು ನಿಂತರೆ ಗಿಡ ಕೊಳೆಯುತ್ತದೆ, ಒಣಗಿದರೆ ಬಾಡುತ್ತದೆ. ಆದ್ದರಿಂದ ಕೊಟ್ಟಿಗೆ ಗೊಬ್ಬರ ಹಾಕಿ, ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ನೀರು ಕೊಡಿರಿ. ಹಗಲು ಚಿಕ್ಕದಾದಾಗ ಗಿಡ ಬೇಗ ಹೂವಿಗೆ ಬರುತ್ತದೆ. ಹೂ ಬಿಟ್ಟ ಮೇಲೆ ಎಲೆಯ ಸಿಹಿ ತಗ್ಗುವುದರಿಂದ ಮೊಗ್ಗು ಕಂಡಕೂಡಲೇ ಚಿವುಟಬೇಕು. ನೆಟ್ಟ ಮೂರು ನಾಲ್ಕು ತಿಂಗಳಿಗೆ, ನೆಲದಿಂದ 10 ಸೆಂ.ಮೀ. ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಎಲೆಗಳನ್ನು ನೆರಳಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಪುಡಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿಡಿರಿ.

ಒಂದು ಲೋಟ ಚಹಾ ಅಥವಾ ಕಷಾಯಕ್ಕೆ ಚಿಟಿಕೆ ಪುಡಿ ಹಾಕಿ ಕುದಿಸಿ ಸೋಸಿದರಾಯಿತು. ಹೆಚ್ಚಾದರೆ ಕಹಿ, ಅತಿಮಧುರದಂಥ ಒಂದು ರುಚಿಯೂ ನಾಲಿಗೆಯಲ್ಲಿ ಉಳಿಯುತ್ತದೆ. ಇದನ್ನು ಒಗ್ಗಿಸಿಕೊಳ್ಳಲು ಕೆಲವು ದಿನ ಬೇಕು. ಇನ್ನು ಇದರಿಂದ ಪಾಕ ಬರುವುದಿಲ್ಲ. ಮೈಸೂರು ಪಾಕಾಗಲಿ, ಚಿಕ್ಕಿಯಾಗಲಿ, ಕೆಡದೆ ಉಳಿಯಬೇಕಾದ ಹಣ್ಣಿನ ಜಾಮಾಗಲಿ ಸಕ್ಕರೆ ಅಥವಾ ಬೆಲ್ಲವಿಲ್ಲದೆ ಆಗದು.

ಸ್ಟೀವಿಯದ ಸಿಹಿ ಅಂಶ ರಕ್ತದ ಸಕ್ಕರೆಯನ್ನು ಏರಿಸುವುದಿಲ್ಲ. ಹಾಗೆಂದು ಇದು ಮಧುಮೇಹದ ಔಷಧಿಯಲ್ಲ. ಸ್ಟೀವಿಯ ಕುಡಿಯುತ್ತಿದ್ದೇನೆಂದು ಮಾತ್ರೆ, ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ತೂಕ ಇಳಿಸಲೆಂದು ಇಂಥ ಸಿಹಿಕಾರಕಗಳನ್ನು ನೆಚ್ಚುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ.

ಹೊಲಕ್ಕೆ ಹಾಕುವ ಮುನ್ನ ಎರಡು ಸಲ ಯೋಚಿಸಿರಿ. ಎಕರೆಗೆ 30ರಿಂದ 40 ಸಾವಿರ ಸಸಿ ಬೇಕಾಗುವುದರಿಂದ ಮೊದಲ ಖರ್ಚೇ ದೊಡ್ಡದು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಒಪ್ಪಿಗೆ ಕೊಟ್ಟದ್ದು ಶುದ್ಧೀಕರಿಸಿದ ಸಿಹಿ ಅಂಶಕ್ಕೆ. ಅದನ್ನು ತೆಗೆಯಲು ಕಾರ್ಖಾನೆ ಬೇಕು; ಎಲೆಯನ್ನು ಸಂತೆಗೆ ಒಯ್ದರೆ ಕೇಳುವವರಿಲ್ಲ. ಸಸಿ ಮಾರುವವರೇ ಎಲೆಯನ್ನೂ ಕೊಳ್ಳುವುದಾಗಿ ಹೇಳಿದರೆ ದರ, ತೇವಾಂಶದ ಮಿತಿ, ಹಣ ಪಾವತಿಯ ಗಡುವು ಇವೆಲ್ಲ ಕರಾರಿನಲ್ಲಿ ಬರೆದಿವೆಯೇ ಎಂದು ನೋಡಿ, ಅವರಿಗೆ ಹಿಂದೆ ಎಲೆ ಕೊಟ್ಟ ರೈತರನ್ನು ಕಂಡು ವಿಚಾರಿಸಿ, ಆಮೇಲೆ ಮುಂಗಡ ಕೊಡಿರಿ. ಮೊದಲ ವರ್ಷ ಎರಡು ಮೂರು ಗುಂಟೆ ಸಾಕು.