ಚೆಂಡು ಒಬ್ಬರದು, ಗಡಿಯಾರ ಇನ್ನೊಬ್ಬರದು

1955ರ ಏಪ್ರಿಲ್ 10. ಅಮೆರಿಕದ ಸಿರಕ್ಯೂಸ್ ನಗರದಲ್ಲಿ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್‌ನ ಏಳನೆಯ, ನಿರ್ಣಾಯಕ ಪಂದ್ಯ. ಆಟ ಮುಗಿಯಲು 12 ಸೆಕೆಂಡು ಇದ್ದಾಗ ಸಿರಕ್ಯೂಸ್ ನ್ಯಾಷನಲ್ಸ್‌ನ ಜಾರ್ಜ್ ಕಿಂಗ್ ಒಂದು ಫ್ರೀ ಥ್ರೋ ಹಾಕಿದರು. 92–91. ಚೆಂಡು ಎದುರಾಳಿ ಫೋರ್ಟ್ ವೇನ್ ಪಿಸ್ಟನ್ಸ್ ಪಾಲಾಯಿತು. ಒಂದು ಬುಟ್ಟಿ ಬಿದ್ದರೆ ಕಿರೀಟ ಅವರದು. ಆದರೆ ಆ ಎಸೆತಕ್ಕೆ ಅವಕಾಶವೇ ಸಿಗಲಿಲ್ಲ. ಅದೇ ಕಿಂಗ್ ನುಗ್ಗಿ, ಆ್ಯಂಡಿ ಫಿಲಿಪ್ ಅವರಿಂದ ಚೆಂಡು ಕಸಿದುಕೊಂಡರು.

ಅಂದು ಸೋತ ಪಿಸ್ಟನ್ಸ್ ಮೊದಲಾರ್ಧದಲ್ಲಿ 17 ಅಂಕ ಮುಂದಿತ್ತು. ಒಂದೇ ವರ್ಷ ಹಿಂದಾಗಿದ್ದರೆ ಆ ಮುನ್ನಡೆಯನ್ನು ಉಳಿಸಿಕೊಳ್ಳುವುದು ಕಷ್ಟವಿರಲಿಲ್ಲ. ಚೆಂಡು ಹಿಡಿದು ನಿಂತರೆ ಸಾಕಿತ್ತು.

ನಿಂತು ಗೆದ್ದ ಕಾಲ

ಹಾಗೆ ನಿಲ್ಲುವುದರಲ್ಲಿ ಪಿಸ್ಟನ್ಸ್ ಪಳಗಿದ ತಂಡ. 1950ರ ನವೆಂಬರ್ 22ರಂದು ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು ಅವರದೇ ನೆಲದಲ್ಲಿ ಅದು 19–18ರಿಂದ ಸೋಲಿಸಿತ್ತು. ಎನ್‌ಬಿಎ ಇತಿಹಾಸದಲ್ಲಿ ಅದಕ್ಕಿಂತ ಕಡಿಮೆ ಅಂಕಗಳ ಪಂದ್ಯ ಇನ್ನೊಂದಿಲ್ಲ. ಲೇಕರ್ಸ್‌ನ ದೈತ್ಯ ಜಾರ್ಜ್ ಮೈಕನ್ ಕೈಗೆ ಚೆಂಡು ಸಿಗಬಾರದು ಎಂದು ಪಿಸ್ಟನ್ಸ್ ಆಟಗಾರರು ಅದನ್ನು ಬುಟ್ಟಿಗೆ ಎಸೆಯದೆ ಇಟ್ಟುಕೊಂಡೇ ಕಾಲ ತಳ್ಳಿದರು. ಹಾಗಿದ್ದೂ ಲೇಕರ್ಸ್‌ನ 18 ಅಂಕಗಳಲ್ಲಿ 15 ಮೈಕನ್ ಅವರವೇ!

ಹಿಂದೆ ಬಿದ್ದ ತಂಡಕ್ಕೆ ಚೆಂಡು ಮರಳಿ ಪಡೆಯಲು ಫೌಲ್ ಮಾಡಿ, ಎದುರಾಳಿಗೆ ಫ್ರೀ ಥ್ರೋ ಬಿಟ್ಟುಕೊಡುವುದೊಂದೇ ದಾರಿಯಾಗಿತ್ತು. 1953ರಲ್ಲಿ ಬಾಸ್ಟನ್ ಮತ್ತು ಸಿರಕ್ಯೂಸ್ ನಡುವಿನ ಪ್ಲೇಆಫ್ ಪಂದ್ಯ ನಾಲ್ಕು ಓವರ್‌ಟೈಮ್‌ವರೆಗೆ ಎಳೆಯಿತು. ಅದರಲ್ಲಿ ಬಾಸ್ಟನ್‌ನ ಬಾಬ್ ಕೂಸಿ ಗಳಿಸಿದ 50 ಅಂಕಗಳಲ್ಲಿ 30 ಫ್ರೀ ಥ್ರೋಗಳಿಂದಲೇ ಬಂದವು.

ಇದಕ್ಕೆ ಮದ್ದು ಹುಡುಕಿದವರು ಸಿರಕ್ಯೂಸ್ ತಂಡದ ಒಡೆಯ, ಬೌಲಿಂಗ್ ಅಂಕಣ ನಡೆಸುತ್ತಿದ್ದ ಇಟಲಿ ಮೂಲದ ಡ್ಯಾನಿ ಬಯಾಸೋನೆ ಮತ್ತು ಅವರ ಸಹವರ್ತಿ ಲಿಯೊ ಫೆರಿಸ್. ಅವರ ಲೆಕ್ಕ ಅಂಗಡಿಯ ಲೆಕ್ಕದಷ್ಟು ನೇರವಾಗಿತ್ತು. ಒಳ್ಳೆಯ ಪಂದ್ಯವೊಂದರಲ್ಲಿ ಎರಡೂ ತಂಡ ಸೇರಿ ಸುಮಾರು 120 ಬಾರಿ ಬುಟ್ಟಿಗೆ ಎಸೆಯುತ್ತವೆ. 48 ನಿಮಿಷವೆಂದರೆ 2,880 ಸೆಕೆಂಡು. ಭಾಗಿಸಿದರೆ 24. 1954–55ರ ಋತುವಿನಲ್ಲಿ, ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು ಎನ್ನುವ ಶಾಟ್ ಕ್ಲಾಕ್ ಬಂತು. ಒಂದು ತಂಡದ ಸರಾಸರಿ ಅಂಕ 79.5ರಿಂದ 93.1ಕ್ಕೆ ಏರಿತು. ಆ ಋತುವಿನ ಕೊನೆಗೆ ಕಿರೀಟ ತೊಟ್ಟದ್ದು ಬಯಾಸೋನೆ ಅವರ ತಂಡವೇ.

ಈ ನಿಯಮದಿಂದ ಆಟಕ್ಕೆ ವೇಗ ಬಂತು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ: ಅಲ್ಲಿಯವರೆಗೆ ಕಾಲ ಚೆಂಡು ಹಿಡಿದವನ ಸ್ವತ್ತಾಗಿತ್ತು, 24 ಸೆಕೆಂಡಿನ ನಿಯಮ ಅದನ್ನು ಬುಟ್ಟಿ ಕಾಯುವವನ ಕೈಗೆ ಕೊಟ್ಟಿತು.

ಸೆಕೆಂಡು ಸುಲಿಯುವ ಕೆಲಸ

ಅಂಕಣದ ಉದ್ದಕ್ಕೂ ಬೆನ್ನುಬೀಳುವ ಫುಲ್ ಕೋರ್ಟ್ ಪ್ರೆಸ್ ಅರ್ಥವಾಗುವುದು ಇಲ್ಲಿಂದ. ಚೆಂಡನ್ನು ಗೆರೆಯಾಚೆಯಿಂದ ಒಳಗೆ ಹಾಕಲು 5 ಸೆಕೆಂಡು. ಆಮೇಲೆ ಅರ್ಧ ಅಂಕಣ ದಾಟಲು 8 ಸೆಕೆಂಡು. ಎನ್‌ಬಿಎಯಲ್ಲಿ 2001ರವರೆಗೆ ಇದು 10 ಇತ್ತು. ಪ್ರೆಸ್ ಮಾಡುವವರು ಪ್ರತಿ ಸಲ ಚೆಂಡು ಕಸಿಯಬೇಕಿಲ್ಲ. ಅಡ್ಡಗಟ್ಟಿ, ಪಕ್ಕದ ಗೆರೆಯತ್ತ ತಳ್ಳಿ, ಇಬ್ಬರು ಸುತ್ತುವರಿದು, ಮೂರೇ ಸೆಕೆಂಡಿನಲ್ಲಿ ದಾಟಬೇಕಿದ್ದವನನ್ನು ಏಳು ಸೆಕೆಂಡು ತಡೆದರೂ ಸಾಕು. ಉಳಿಯುವುದು 17. ಮೊದಲ ಹೂಟ ಕೆಟ್ಟರೆ ಎರಡನೆಯದಕ್ಕೆ ಹೊತ್ತಿಲ್ಲ. ಕೊನೆಗೆ ಯಾರೋ ಕೈಗೆ ಸಿಕ್ಕ ಕಡೆಯಿಂದ ಎಸೆಯಬೇಕು. ಆ ಎಸೆತ ತಪ್ಪಿದಾಗ ಅಂಕಪಟ್ಟಿಯಲ್ಲಿ ಎಸೆದವನ ಹೆಸರು ಮಾತ್ರ ಇರುತ್ತದೆ. ಅರ್ಧ ಅಂಕಣದಾಚೆ ಬೆವರು ಹರಿಸಿದವನ ಲೆಕ್ಕ ಅಲ್ಲಿ ಸಿಗುವುದಿಲ್ಲ.

ಚೆಂಡು ಹಿಡಿದವರೂ ಸುಮ್ಮನಿರುವುದಿಲ್ಲ. ಕ್ವಾರ್ಟರ್ ಮುಗಿಯಲು ಸುಮಾರು 35 ಸೆಕೆಂಡು ಇದ್ದಾಗ ಒಂದು ತಂಡ ಅವಸರವಸರವಾಗಿ ಎಸೆಯುವುದನ್ನು ನೋಡಿರಬಹುದು. 32ನೇ ಸೆಕೆಂಡಿಗೆ ಎಸೆದರೆ, ಎದುರಾಳಿ ತನ್ನ 24 ಸೆಕೆಂಡು ಪೂರ್ತಿ ಬಳಸಿದರೂ ಇನ್ನೂ 8 ಸೆಕೆಂಡು ಮಿಗುತ್ತವೆ. ಅವರಿಗೆ ಒಂದು ಸರದಿ, ತನಗೆ ಎರಡು. ಇದೇ ಟು ಫಾರ್ ಒನ್.

ಒಂಬತ್ತು ಸೆಕೆಂಡಿಗೂ ಕಡಿಮೆ

ಒತ್ತಡ ಮತ್ತು ಗಡಿಯಾರ ಕೂಡಿದರೆ ಏನಾಗುತ್ತದೆ ಎಂಬುದನ್ನು 1995ರ ಮೇ 7ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕಂಡಿತು. 18.7 ಸೆಕೆಂಡು ಬಾಕಿ; ನಿಕ್ಸ್ 105, ಇಂಡಿಯಾನಾ ಪೇಸರ್ಸ್ 99. ಪೇಸರ್ಸ್‌ನ ರೆಜಿ ಮಿಲ್ಲರ್ ಮೂರು ಅಂಕದ ಎಸೆತ ಹಾಕಿದರು. ಚೆಂಡು ಒಳಗೆ ಹಾಕಬೇಕಿದ್ದ ನಿಕ್ಸ್‌ನ ಆ್ಯಂಥನಿ ಮೇಸನ್‌ಗೆ ಪಾಸ್ ಕೊಡಲು ಜಾಗ ಸಿಗಲಿಲ್ಲ. ಐದು ಸೆಕೆಂಡು ಓಡುತ್ತಿತ್ತು. ಗಡಿಬಿಡಿಯಲ್ಲಿ ಬಿಟ್ಟ ಚೆಂಡು ಮಿಲ್ಲರ್ ಕೈಗೇ ಬಂತು. ಅವರು ಮೂರು ಅಂಕದ ಗೆರೆಯಾಚೆ ಹಿಂದೆ ಸರಿದು ಮತ್ತೆ ಎಸೆದರು. ಪಂದ್ಯ ಸಮ. ನಿಕ್ಸ್‌ನ ಜಾನ್ ಸ್ಟಾರ್ಕ್ಸ್ ಎರಡು ಫ್ರೀ ಥ್ರೋ ತಪ್ಪಿಸಿದರು. ಮಿಲ್ಲರ್ ತಮಗೆ ಸಿಕ್ಕ ಎರಡನ್ನೂ ಹಾಕಿದರು. 8.9 ಸೆಕೆಂಡಿನಲ್ಲಿ 8 ಅಂಕ, ಗೆಲುವು 107–105. ಮಿಲ್ಲರ್ ಎಸೆತಗಳನ್ನು ಜನ ಮರೆತಿಲ್ಲ. ಪಂದ್ಯ ಕದಲಿದ್ದು ಮಾತ್ರ ಮೇಸನ್ ತಬ್ಬಿಬ್ಬಾದ ಆ ಐದು ಸೆಕೆಂಡಿನೊಳಗೆ.

ಮೂವತ್ತು ವರ್ಷಗಳ ಬಳಿಕ, 2025ರ ಜೂನ್ 5ರಂದು ಫೈನಲ್‌ನ ಮೊದಲ ಪಂದ್ಯದಲ್ಲಿ ಅದೇ ಪೇಸರ್ಸ್ ಕೊನೆಯ ಕ್ವಾರ್ಟರ್‌ನಲ್ಲಿ ಓಕ್ಲಹೋಮಾ ಸಿಟಿ ಥಂಡರ್‌ಗಿಂತ 15 ಅಂಕ ಹಿಂದಿತ್ತು. ಅದು 110–109ಕ್ಕೆ ಬಂದು ನಿಂತಾಗ, ಆಂಡ್ರ್ಯೂ ನೆಂಬ್‌ಹಾರ್ಡ್ ಅವರ ಬಿಗಿಕಾವಲಿನಲ್ಲಿ ಥಂಡರ್‌ನ ಶಾಯ್ ಗಿಲ್ಜಸ್-ಅಲೆಕ್ಸಾಂಡರ್ ಎಸೆತ ತಪ್ಪಿತು. ಪೇಸರ್ಸ್ ಕೋಚ್ ರಿಕ್ ಕಾರ್ಲೈಲ್ ಟೈಮ್‌ಔಟ್ ಕರೆಯಲಿಲ್ಲ. ಕರೆದಿದ್ದರೆ ಎದುರಾಳಿಯ ಕಾವಲು ಮತ್ತೆ ಅಣಿಯಾಗುತ್ತಿತ್ತು. ಟೈರೀಸ್ ಹ್ಯಾಲಿಬರ್ಟನ್ ಓಡಿ ಬಂದು ಎಸೆದರು, 0.3 ಸೆಕೆಂಡು ಉಳಿದಿತ್ತು. 111–110. ಇಡೀ ಪಂದ್ಯದಲ್ಲಿ ಪೇಸರ್ಸ್ ಮುಂದಿದ್ದದ್ದು ಅಷ್ಟು ಹೊತ್ತು ಮಾತ್ರ. ಏಳು ಪಂದ್ಯಗಳ ಹೋರಾಟದ ಬಳಿಕ ಪ್ರಶಸ್ತಿ ಥಂಡರ್ ಪಾಲಾಯಿತು. ಅವರ ಶಕ್ತಿಯೂ ಉಸಿರುಗಟ್ಟಿಸುವ ಕಾವಲೇ ಆಗಿತ್ತು.

ನಮ್ಮಲ್ಲಿ ಬೆಳಗಿನ ಜಾವ ಪ್ರಸಾರವಾಗುವ ಪಂದ್ಯವನ್ನು ಮುಂದಿನ ಸಲ ನೋಡುವಾಗ, ಚೆಂಡು ಮಧ್ಯದ ಗೆರೆ ದಾಟುವ ಕ್ಷಣ ಬುಟ್ಟಿಯ ಮೇಲಿನ ಕೆಂಪು ಅಂಕಿಗಳತ್ತ ಒಮ್ಮೆ ಕಣ್ಣು ಹಾಯಿಸಿ. 21 ಇದ್ದರೆ ಕಾವಲು ಸಡಿಲ. 17 ಇದ್ದರೆ ಅಲ್ಲಿ ಯಾರೋ ಒಬ್ಬ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ್ದಾನೆ. ಅವನು ಯಾರೆಂದು ಹುಡುಕಿ ನೋಡಿ.