ರಕ್ತಕ್ಕೆಷ್ಟು ಪಾಲು, ಮೈದಾನಕ್ಕೆಷ್ಟು ಪಾಲು

"ನಮ್ಮ ವಂಶದಲ್ಲೇ ಯಾರೂ ಆಟದಲ್ಲಿ ಮುಂದೆ ಬಂದವರಲ್ಲ, ಇವನಿಗೆಲ್ಲಿಂದ ಬರಬೇಕು ಹೇಳಿ ಸಾರ್." ಕ್ರೀಡಾಕೂಟದ ಹೊತ್ತಿಗೆ ಪಿ.ಟಿ. ಮೇಷ್ಟ್ರ ಕಿವಿಗೆ ಈ ಮಾತು ಬಿದ್ದೇ ಬೀಳುತ್ತದೆ. ಪಕ್ಕದ ಮನೆಯ ಹುಡುಗ ಗೆದ್ದರೆ "ಅದು ರಕ್ತದಲ್ಲೇ ಬಂದದ್ದು" ಎನ್ನುವುದೂ ಉಂಟು. ಎರಡರಲ್ಲೂ ಅರ್ಧ ಸತ್ಯವಿದೆ. ಆ ಅರ್ಧ ಸತ್ಯವನ್ನು ನಂಬಿ ಎಷ್ಟೋ ಮಕ್ಕಳನ್ನು ನಾವು ಮೈದಾನಕ್ಕೆ ಇಳಿಯುವ ಮುನ್ನವೇ ಕೈಬಿಡುತ್ತಿದ್ದೇವೆ.

ಮೊದಲು ಸತ್ಯದ ಪಾಲು. ನಾವು ದಮ್ಮು ಎನ್ನುವುದನ್ನು ವಿಜ್ಞಾನಿಗಳು, ದೇಹ ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂದು ಅಳೆಯುತ್ತಾರೆ. ಅವಳಿಗಳ ಹಾಗೂ ಕುಟುಂಬಗಳ ಅಧ್ಯಯನಗಳ ಪ್ರಕಾರ ಇದರಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧ ಆನುವಂಶಿಕ. ಕ್ಲೋಡ್ ಬೂಶಾರ್ ನೇತೃತ್ವದ 'ಹೆರಿಟೇಜ್' ಅಧ್ಯಯನದಲ್ಲಿ ವ್ಯಾಯಾಮದ ಅಭ್ಯಾಸವೇ ಇಲ್ಲದ ಕುಟುಂಬಗಳಿಗೆ 20 ವಾರ ಒಂದೇ ಕ್ರಮದಲ್ಲಿ ಸೈಕಲ್ ತುಳಿಸಿದರು. ಕೆಲವರ ದಮ್ಮು ಬಹಳ ಏರಿತು, ಕೆಲವರದು ಏರಿದ್ದೇ ತಿಳಿಯದಷ್ಟು. ಒಂದೇ ಮನೆಯವರ ಏರಿಕೆಯಲ್ಲಿನ ವ್ಯತ್ಯಾಸ ಬೇರೆ ಬೇರೆ ಮನೆಗಳ ನಡುವಿನ ವ್ಯತ್ಯಾಸಕ್ಕಿಂತ ಕಡಿಮೆ ಇತ್ತು.

ಹಾಗೆಂದು ಮಗನ ದಮ್ಮಿನಲ್ಲಿ ಅರ್ಧ ಅಪ್ಪ-ಅಮ್ಮನದು, ಉಳಿದರ್ಧ ಅವನ ಶ್ರಮದ್ದು ಎಂದು ತಿಳಿಯುವುದು ತಪ್ಪು. ಈ 'ಅರ್ಧ' ಒಂದು ಗುಂಪಿನ ಲೆಕ್ಕ. ಒಬ್ಬ ಹುಡುಗನಿಗೆ ಅದನ್ನು ಅನ್ವಯಿಸಲಾಗದು. ಪರಿಸರ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಎತ್ತರವನ್ನೇ ನೋಡಿ. ಅದರಲ್ಲಿ ಆನುವಂಶಿಕತೆಯ ಪಾಲು ಶೇ. 80ರ ಆಸುಪಾಸು ಎನ್ನುತ್ತಾರೆ. ಆದರೂ ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ನೂರು ವರ್ಷಗಳಲ್ಲಿ ಸುಮಾರು 20 ಸೆಂ.ಮೀ. ಹೆಚ್ಚಿತು. ನೂರು ವರ್ಷದಲ್ಲಿ ಒಂದು ಜನಾಂಗದ ಜೀನ್‌ಗಳು ಅಷ್ಟು ಬದಲಾಗುವುದಿಲ್ಲ. ಬದಲಾದದ್ದು ತಟ್ಟೆಯಲ್ಲಿನ ಊಟ, ನೀರು, ಔಷಧ.

"ಎಂಜಲು ಪರೀಕ್ಷೆ ಮಾಡಿಸಿದರೆ ಮಗು ಯಾವ ಆಟಕ್ಕೆ ಲಾಯಕ್ಕು ಎಂದು ಗೊತ್ತಾಗುತ್ತದಂತೆ" ಎನ್ನುವವರು ಈಗ ಹೆಚ್ಚುತ್ತಿದ್ದಾರೆ. ಇಂಥ ಪರೀಕ್ಷೆಗಳಲ್ಲಿ ಹೆಚ್ಚಾಗಿ ನೋಡುವುದು ಎಸಿಟಿಎನ್-3 ಎಂಬ ಜೀನನ್ನು. ವೇಗದ ಸ್ನಾಯುಗಳಲ್ಲಿರುವ ಒಂದು ಪ್ರೋಟೀನು ಇದರಿಂದ ತಯಾರಾಗುತ್ತದೆ. ಜಗತ್ತಿನ ಸುಮಾರು ಐದರಲ್ಲೊಬ್ಬರಲ್ಲಿ ಆ ಪ್ರೋಟೀನು ಇಲ್ಲವೇ ಇಲ್ಲ. ಅವರಿಗೆ ಅದರಿಂದ ಕಾಯಿಲೆಯೇನೂ ಇಲ್ಲ. ಓಟದ ವೇಗದಲ್ಲಿನ ವ್ಯತ್ಯಾಸದ ಅತಿ ಸಣ್ಣ ಭಾಗವನ್ನಷ್ಟೇ ಈ ಜೀನ್ ವಿವರಿಸಬಲ್ಲದು. ಪ್ರತಿಭೆ ಗುರುತಿಸಲು ಮಕ್ಕಳ ಮೇಲೆ ಇಂಥ ಪರೀಕ್ಷೆ ಸಲ್ಲದು ಎಂದು ಕ್ರೀಡಾವೈದ್ಯ ತಜ್ಞರು 2015ರಲ್ಲೇ ಒಟ್ಟಾಗಿ ಹೇಳಿದ್ದಾರೆ. ಆ ದುಡ್ಡಿಗೆ ಒಂದು ಜೊತೆ ಒಳ್ಳೆಯ ಶೂ ಬರುತ್ತದೆ.

ರಕ್ತದ ನಂಬಿಕೆಯ ದೊಡ್ಡ ಪರೀಕ್ಷೆ ನಮ್ಮ ರಾಜ್ಯದಲ್ಲೇ ನಡೆಯಿತು. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿಯಾದ ಸಿದ್ದಿಗಳು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿದ್ದಾರೆ. ಆಫ್ರಿಕಾದ ಮೂಲವಿದ್ದ ಮೇಲೆ ಓಟಗಾರರಾಗಲೇಬೇಕು ಎಂಬ ಲೆಕ್ಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದಲ್ಲಿ 'ವಿಶೇಷ ಪ್ರದೇಶ ಕ್ರೀಡೆ' ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆತಂದಿತು. ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದವರೂ ಅವರಲ್ಲಿದ್ದರು. 1990ರ ದಶಕದ ಆರಂಭದಲ್ಲಿ ಕಾರ್ಯಕ್ರಮ ನಿಂತಿತು, ಹಲವರು ಕೂಲಿ-ಕೃಷಿಗೆ ಮರಳಿದರು. ರಕ್ತ ಮೊದಲಿನದೇ ಇತ್ತು. ನಿಂತುಹೋದದ್ದು ತರಬೇತಿ, ಹಾಸ್ಟೆಲ್, ಹೊಟ್ಟೆ ತುಂಬ ಊಟ. ಆ ಮಕ್ಕಳಿಗೆ ಆದ ಅನ್ಯಾಯ ನನಗೆ ಇಂದಿಗೂ ನೋವು ಕೊಡುತ್ತದೆ.

ಹುಟ್ಟುವಾಗಲೇ ಇರುವುದೆಲ್ಲ ಜೀನ್‌ನದೇ ಎಂಬ ಮಾತೂ ನಿಲ್ಲುವುದಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಹುಟ್ಟಿದ ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸುತ್ತ ಬಂದರು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಹೆಣ್ಣುಮಕ್ಕಳಿಗೆ ಐದನೇ ವಯಸ್ಸಿಗೇ ಚರ್ಮದಡಿಯ ಕೊಬ್ಬು ಹೆಚ್ಚಿತ್ತು. ಗರ್ಭವೂ ಮಗುವಿನ ಪರಿಸರವೇ. ಪುಣೆಯ ಅಧ್ಯಯನಗಳು ಇನ್ನೊಂದು ಸಂಗತಿ ತೋರಿಸಿದವು: ನಮ್ಮ ಶಿಶುಗಳು ತೂಕದಲ್ಲಿ ಸಣ್ಣ, ಸ್ನಾಯು ಕಡಿಮೆ, ಆದರೆ ಕೊಬ್ಬಿನ ಪಾಲು ಹೆಚ್ಚು. ಹಾಗಾಗಿ "ನಮ್ಮ ಹುಡುಗ ಸಣಕಲು, ಅವನಿಗೆ ವ್ಯಾಯಾಮ ಯಾಕೆ" ಎನ್ನುವುದು ಅಪಾಯದ ಮಾತು. ತೂಕದ ಯಂತ್ರ ದಮ್ಮನ್ನು ಅಳೆಯುವುದಿಲ್ಲ. ಖೇಲೋ ಇಂಡಿಯಾದ ಶಾಲಾ ಪರೀಕ್ಷೆಯಲ್ಲಿ ಎತ್ತರ-ತೂಕದ ಜೊತೆಗೆ 600 ಮೀಟರ್ ಓಟ ಇಟ್ಟಿರುವುದು ಅದಕ್ಕೇ.

ಐದರಿಂದ ಹದಿನೇಳು ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರಾಟ ಚುರುಕಾಗುವಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಿ.ಟಿ. ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಕಿತ್ತುಕೊಳ್ಳುವ ಶಾಲೆಯಲ್ಲಿ, ಮೈನೆರೆದ ಮೇಲೆ ಹುಡುಗಿಯನ್ನು ಮೈದಾನದಿಂದ ಒಳಗೆ ಕರೆದುಕೊಳ್ಳುವ ಮನೆಯಲ್ಲಿ, ಜೀನನ್ನು ದೂರಿ ಏನು ಪ್ರಯೋಜನ?

ಆಯ್ಕೆ ಮಾಡುವವರಿಗೂ ಒಂದು ಮಾತು. ಒಂದೇ ತರಗತಿಯಲ್ಲಿ ಜೂನ್‌ನಲ್ಲಿ ಹುಟ್ಟಿದವನಿಗೂ ಮುಂದಿನ ಮೇ ತಿಂಗಳಲ್ಲಿ ಹುಟ್ಟಿದವನಿಗೂ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ದನಿಯೇ ಒಡೆದಿರುವುದಿಲ್ಲ. ಮೊದಲನೆಯವನಿಗೆ 'ಹುಟ್ಟು ಪ್ರತಿಭೆ' ಎಂಬ ಹೆಸರು, ಎರಡನೆಯವನಿಗೆ ಬೆಂಚು. ತಡವಾಗಿ ಬೆಳೆಯುವವರಲ್ಲಿ ಎಷ್ಟೋ ಮಂದಿ ಹದಿನೇಳು-ಹದಿನೆಂಟಕ್ಕೆ ಸರಿಸಮ ಬರುತ್ತಾರೆ, ಅಲ್ಲಿಯತನಕ ಯಾರಾದರೂ ಅವರನ್ನು ತಂಡದಲ್ಲಿ ಉಳಿಸಿಕೊಂಡಿದ್ದರೆ.